ಇಂಜಿನ್ ಟಿಕ್ ಟಿಕ್ ಅಂತಿದೆಯಾ? ಟ್ಯಾಪೆಟ್ ಮುಟ್ಟುವ ಮುಂಚೆ ನೋಡಬೇಕಾದ್ದು

ಕೊಡಗಿನಲ್ಲಿ ಗಾಡಿ ಇಟ್ಟುಕೊಂಡವರಿಗೆ ಮಳೆಗಾಲ ಮುಗಿಯುವ ಹೊತ್ತಿಗೆ ಒಂದಲ್ಲ ಒಂದು ಸದ್ದು ಗಂಟು ಬೀಳುತ್ತದೆ. ಬುಷ್ ಕಿರುಗುಟ್ಟುವುದು, ಬ್ರೇಕ್ ಕೂಗುವುದು ಇವೆಲ್ಲ ಇದ್ದದ್ದೇ. ಅವಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಬಾನೆಟ್ ಒಳಗಿಂದ ಒಂದೇ ತಾಳದಲ್ಲಿ ಟಿಕ್ ಟಿಕ್ ಟಿಕ್ ಅಂತ ಬಂದರೆ ಮಾತ್ರ ಹೊಟ್ಟೆಯೊಳಗೆ ತಳಮಳ ಶುರು. ಗ್ಯಾರೇಜಿಗೆ ಹೋದರೆ ಮೆಕ್ಯಾನಿಕ್ ಬಾನೆಟ್ ಎತ್ತುತ್ತಾನೆ, ಎರಡು ಸಲ ರೇಸ್ ಕೊಡುತ್ತಾನೆ, "ಟ್ಯಾಪೆಟ್ ಸೌಂಡ್ ಅಣ್ಣ, ಸೆಟ್ಟಿಂಗ್ ಮಾಡಿದ್ರೆ ಹೋಗುತ್ತೆ" ಅನ್ನುತ್ತಾನೆ. ಟ್ಯಾಪೆಟ್ ಅಂದರೆ ವಾಲ್ವನ್ನು, ಅಂದರೆ ಸಿಲಿಂಡರಿಗೆ ಗಾಳಿ ಬಿಡುವ, ಹೊಗೆ ಹೊರಗೆ ಕಳಿಸುವ ಬಾಗಿಲನ್ನು, ಒತ್ತಿ ತೆರೆಯುವ ಭಾಗ. ಕೆಲವು ಸಲ ಅವನ ಮಾತು ಸರಿ. ಎಷ್ಟೋ ಸಲ ಅಲ್ಲ.

ಸದ್ದು ಎಲ್ಲಿಂದ ಬರುತ್ತಿದೆ ಅಂತ ಗೊತ್ತಾಗುವ ತನಕ ಟ್ಯಾಪೆಟ್ ಸ್ಕ್ರೂ ಮುಟ್ಟಬೇಡಿ, ಮುಟ್ಟಲೂ ಬಿಡಬೇಡಿ. ಮುಟ್ಟಿದ ಮೇಲೆ, ಸದ್ದು ಪೂರ್ತಿ ಅಡಗುವ ತನಕ ಟೈಟ್ ಮಾಡಿಸಬೇಡಿ. ಸ್ವಲ್ಪ ಸದ್ದು ಮಾಡುವ ವಾಲ್ವ್ ವರ್ಷಗಟ್ಟಲೆ ಓಡುತ್ತದೆ. ಗ್ಯಾಪ್ ಇಲ್ಲದೆ ಸುಮ್ಮನಾದ ವಾಲ್ವ್ ಸುಟ್ಟುಹೋಗುತ್ತದೆ.

ಯಾಕೆ ಅಂದರೆ, ವಾಲ್ವ್ ಬಿಸಿಯಾದಾಗ ಉದ್ದವಾಗುತ್ತದೆ. ಆ ಉದ್ದಕ್ಕೆ ಜಾಗ ಇರಲಿ ಅಂತಲೇ ರಾಕರ್‌ಗೂ (ವಾಲ್ವನ್ನು ಒತ್ತುವ ತೋಳು) ವಾಲ್ವ್ ತುದಿಗೂ ನಡುವೆ ಕೂದಲೆಳೆಯಷ್ಟು ಗ್ಯಾಪ್ ಬಿಟ್ಟಿರುತ್ತಾರೆ. ಹೆಚ್ಚಿನ ಇಂಜಿನ್‌ಗಳಲ್ಲಿ ಇದು 0.15ರಿಂದ 0.30 ಮಿ.ಮೀ. ಒಳಗೆ ಇರುತ್ತದೆ. ಹೊಗೆ ಬಿಡುವ ಎಕ್ಸಾಸ್ಟ್ ವಾಲ್ವ್ ಜಾಸ್ತಿ ಬಿಸಿಯಾಗುವುದರಿಂದ ಅದಕ್ಕೆ ಸಾಮಾನ್ಯವಾಗಿ ಗಾಳಿ ಎಳೆಯುವ ಇನ್‌ಟೇಕ್‌ಗಿಂತ ಸ್ವಲ್ಪ ಜಾಸ್ತಿ ಗ್ಯಾಪ್. ಇನ್ನೊಂದು ವಿಷಯ, ವಾಲ್ವ್ ತನ್ನ ಬಿಸಿಯನ್ನು ಇಳಿಸಿಕೊಳ್ಳುವುದು ಮುಖ್ಯವಾಗಿ ಸೀಟಿಗೆ, ಅಂದರೆ ತಾನು ಕೂರುವ ಬಳೆಗೆ, ಒತ್ತಿಕೊಂಡು ಮುಚ್ಚಿರುವಾಗ. ಗ್ಯಾಪ್ ಕಮ್ಮಿಯಾದರೆ ಅದು ಪೂರ್ತಿ ಮುಚ್ಚುವುದೇ ಇಲ್ಲ, ಬೆಂಕಿ ಸಂದಿಯಲ್ಲಿ ನುಗ್ಗುತ್ತದೆ, ಅಂಚು ಸುಡುತ್ತದೆ, ಕಂಪ್ರೆಷನ್ ಹೋಗುತ್ತದೆ, ಆಮೇಲೆ ಘಾಟಿ ಹತ್ತುವಾಗ ಪಿಕಪ್ ಇಲ್ಲ ಅಂತ ಕಾರ್ಬುರೇಟರ್‌ಗೆ ಬೈಯುತ್ತೀರಿ. ಎಲ್‌ಪಿಜಿ ಹಾಕಿಸಿದ ಗಾಡಿಯವರು ಇದನ್ನು ಇನ್ನೂ ಗಮನ ಇಟ್ಟು ಓದಿ. ಗ್ಯಾಸ್‌ನಲ್ಲಿ ಓಡುವಾಗ ವಾಲ್ವ್ ಸೀಟ್ ಬೇಗ ಸವೆಯಬಹುದು, ಸೀಟ್ ಸವೆದಂತೆ ವಾಲ್ವ್ ಮೇಲಕ್ಕೆ ಬರುತ್ತದೆ, ಗ್ಯಾಪ್ ತಾನಾಗಿಯೇ ಕಮ್ಮಿಯಾಗುತ್ತಾ ಹೋಗುತ್ತದೆ. ಅಂಥ ಇಂಜಿನ್ ಮೊದಲಿಗಿಂತ ಮೆತ್ತಗೆ ಓಡುತ್ತಿದೆ ಅಂದರೆ ಖುಷಿ ಪಡುವ ಹಾಗಿಲ್ಲ.

ನಿಮ್ಮ ಇಂಜಿನ್ ಯಾವ ಥರದ್ದು?

ಇದು ಗೊತ್ತಿಲ್ಲದೆ ಮುಂದೆ ಹೋಗಬೇಡಿ. ತೋಟಗಳಲ್ಲಿ ಇನ್ನೂ ದುಡಿಯುತ್ತಿರುವ ಹಳೆ ಮಹೀಂದ್ರ ಡೀಸೆಲ್ ಜೀಪುಗಳಲ್ಲಿ ಕ್ಯಾಮ್ (ವಾಲ್ವ್ ತೆರೆಸುವ ಉಬ್ಬುಗಳಿರುವ ಶಾಫ್ಟ್) ಕೆಳಗೆ ಬ್ಲಾಕ್‌ನಲ್ಲಿ ಇರುತ್ತದೆ, ಪುಷ್‌ರಾಡ್ ಅನ್ನುವ ಸರಳು ಮೇಲಕ್ಕೆ ತಳ್ಳುತ್ತದೆ, ರಾಕರ್‌ನಲ್ಲಿ ಸ್ಕ್ರೂ ಇರುತ್ತದೆ. ಮಾರುತಿ 800, ಓಮ್ನಿ, ಜಿಪ್ಸಿಗಳಲ್ಲಿ ಕ್ಯಾಮ್ ಹೆಡ್ (ಬ್ಲಾಕ್ ಮೇಲಿನ ಮುಚ್ಚಳದಂಥ ಭಾಗ) ಮೇಲೆಯೇ ಇದೆ, ಆದರೆ ಅಲ್ಲೂ ರಾಕರ್ ಮತ್ತು ಸ್ಕ್ರೂ. ಇವೆಲ್ಲ ಕೈಯಲ್ಲಿ ಸೆಟ್ಟಿಂಗ್ ಮಾಡುವಂಥವು. ಈಚಿನ ಕೆಲವು ಪೆಟ್ರೋಲ್ ಇಂಜಿನ್‌ಗಳಲ್ಲಿ ರಾಕರ್ರೇ ಇಲ್ಲ, ಕ್ಯಾಮ್ ನೇರವಾಗಿ ಬಟ್ಟಲಿನಂಥ ಬಕೆಟ್ ಮೇಲೆ ಒತ್ತುತ್ತದೆ, ಗ್ಯಾಪ್ ಬದಲಾಯಿಸಬೇಕೆಂದರೆ ಶಿಮ್ ಅನ್ನುವ ತೆಳು ಬಿಲ್ಲೆ ಅಥವಾ ಬಕೆಟ್ಟನ್ನೇ ಬದಲಾಯಿಸಬೇಕು. ಮೂರನೆಯದು ಹೈಡ್ರಾಲಿಕ್. ಸ್ವಿಫ್ಟ್, ಡಿಜೈರ್, ರಿಟ್ಜ್‌ಗಳಲ್ಲಿ ಬಂದ 1.3 ಲೀಟರ್ ಮಲ್ಟಿಜೆಟ್ ಡೀಸೆಲ್ ಈ ಥರದ್ದು. ಇದರಲ್ಲಿ ಆಯಿಲ್ ಒತ್ತಡವೇ ಗ್ಯಾಪನ್ನು ಸೊನ್ನೆಯಲ್ಲಿ ಇಡುತ್ತದೆ. ಸೆಟ್ಟಿಂಗ್ ಮಾಡಲು ಅಲ್ಲಿ ಏನೂ ಇಲ್ಲ. ಯಾರಾದರೂ ಹೈಡ್ರಾಲಿಕ್ ಇಂಜಿನ್‌ಗೆ "ಟ್ಯಾಪೆಟ್ ಸೆಟ್ಟಿಂಗ್ ಮಾಡ್ತೀನಿ" ಅಂದರೆ ಕೀ ವಾಪಸ್ ಇಸ್ಕೊಂಡು ಬನ್ನಿ.

ಆಯಿಲ್ ನೋಡಿ, ಸರಿಯಾಗಿ ನೋಡಿ

ಬಹಳಷ್ಟು ಟಿಕ್ ಸದ್ದಿನ ಕತೆ ಡಿಪ್‌ಸ್ಟಿಕ್‌ನಲ್ಲೇ ಮುಗಿಯುತ್ತದೆ. ಆದರೆ ಕೊಡಗಿನಲ್ಲಿ ಗಾಡಿ ನಿಲ್ಲಿಸಲು ಸಮತಟ್ಟು ಜಾಗ ಹುಡುಕುವುದೇ ಒಂದು ಕೆಲಸ ಅಲ್ವಾ. ಮನೆ ಮುಂದಿನ ಇಳಿಜಾರಿನಲ್ಲಿ ನಿಲ್ಲಿಸಿ ನೋಡಿದರೆ ಲೆಕ್ಕ ತಪ್ಪುತ್ತದೆ. ಕಾಫಿ ಒಣಗಿಸುವ ಕಣ ಇದ್ದರೆ ಅಲ್ಲಿಗೆ ಒಯ್ಯಿರಿ. ನೀರು ಹರಿಯಲು ಅದಕ್ಕೂ ಸ್ವಲ್ಪ ಓಟ ಕೊಟ್ಟಿರುತ್ತಾರೆ, ಆದರೂ ಪರವಾಗಿಲ್ಲ. ಇಂಜಿನ್ ಆಫ್ ಮಾಡಿ, ಆಯಿಲ್ ಕೆಳಗೆ ಇಳಿಯಲು ಹತ್ತು ನಿಮಿಷ ಬಿಡಿ, ಡಿಪ್‌ಸ್ಟಿಕ್ ಒರೆಸಿ ಮತ್ತೆ ಹಾಕಿ ತೆಗೆಯಿರಿ.

ಲೆವೆಲ್ ಕೆಳಗಿನ ಗೆರೆಯ ಹತ್ತಿರ ಇದ್ದರೆ ಬಯಲು ಸೀಮೆಯಲ್ಲಿ ಹೇಗೋ ನಡೆದುಹೋಗಬಹುದು. ಇಲ್ಲಿ ನಡೆಯುವುದಿಲ್ಲ. ಭಾಗಮಂಡಲದಿಂದ ತಲಕಾವೇರಿಗೆ ಹತ್ತುವಾಗ ಅಥವಾ ಮಾಂದಲಪಟ್ಟಿಯ ಜೀಪ್ ದಾರಿಯಲ್ಲಿ ಸಂಪ್‌ನೊಳಗಿನ (ಇಂಜಿನ್ ತಳದ ಆಯಿಲ್ ತೊಟ್ಟಿ) ಆಯಿಲ್ ಎಲ್ಲ ಒಂದು ಕಡೆಗೆ ವಾಲುತ್ತದೆ. ಪಂಪಿನ ಬಾಯಿಗೆ ಆಯಿಲ್ ಜೊತೆ ಗಾಳಿ ಸಿಗುತ್ತದೆ. ಗಾಳಿ ಸೇರಿದ ಆಯಿಲ್ ಹೈಡ್ರಾಲಿಕ್ ಟ್ಯಾಪೆಟ್ ಒಳಗೆ ಹೋದರೆ ಅದು ಅದುಮಿಕೊಳ್ಳುತ್ತದೆ, ಟಿಕ್ ಟಿಕ್ ಶುರುವಾಗುತ್ತದೆ. ಏರಿನಲ್ಲಿ ಸದ್ದು ಬಂದು ಸಮತಟ್ಟಿನಲ್ಲಿ ಸ್ವಲ್ಪ ಹೊತ್ತಿಗೆ ಹೋಗುತ್ತಿದ್ದರೆ ಮೊದಲ ಅನುಮಾನ ಆಯಿಲ್ ಲೆವೆಲ್ ಮೇಲೇ ಇರಲಿ. ಹಾಗಂತ ಗೆರೆ ಮೀರಿ ತುಂಬಿಸಬೇಡಿ. ಜಾಸ್ತಿಯಾದರೆ ಕ್ರ್ಯಾಂಕ್, ಅಂದರೆ ಪಿಸ್ಟನ್ ತಿರುಗಿಸುವ ಕೆಳಗಿನ ಶಾಫ್ಟ್, ಅದನ್ನು ಕಡೆದು ನೊರೆ ಮಾಡುತ್ತದೆ, ಮತ್ತೆ ಅದೇ ಸದ್ದು.

ಈಗ ಆಯಿಲ್ ಹಾಕುವ ಮುಚ್ಚಳ ಬಿಚ್ಚಿ ಒಳಭಾಗ ನೋಡಿ. ನಮ್ಮ ಕಡೆಯ ಅರ್ಧಕ್ಕರ್ಧ ಗಾಡಿಗಳಲ್ಲಿ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಹೊತ್ತಿಗೆ ಅಲ್ಲಿ ಕಾಫಿಗೆ ಹಾಲು ಜಾಸ್ತಿಯಾದ ಬಣ್ಣದ ಜಿಡ್ಡು ಕೂತಿರುತ್ತದೆ. ನೋಡಿದವರು ಹೆಡ್ ಗ್ಯಾಸ್ಕೆಟ್ (ಹೆಡ್‌ಗೂ ಬ್ಲಾಕ್‌ಗೂ ನಡುವಿನ ಪ್ಯಾಕಿಂಗ್) ಹೋಯಿತು, ನೀರು ಆಯಿಲ್‌ಗೆ ಸೇರಿತು ಅಂತ ಕೈ ತಲೆ ಮೇಲೆ ಇಡುತ್ತಾರೆ. ಗಡಿಬಿಡಿ ಬೇಡ. ಬೆಳಿಗ್ಗೆ ಮನೆಯಿಂದ ಕೆಲಸಗಾರರ ಲೈನ್ ಮನೆಗೆ, ಅಲ್ಲಿಂದ ಡಿಪೋಗೆ, ಮಧ್ಯಾಹ್ನ ಪೇಟೆಗೆ, ಎಲ್ಲವೂ ಎರಡು ಮೂರು ಕಿಲೋಮೀಟರ್ ಓಟ. ಇಂಜಿನ್ ಸರಿಯಾಗಿ ಬಿಸಿಯಾಗುವ ಮುಂಚೆಯೇ ಆಫ್. ಹೊರಗೆ ದಿನವಿಡೀ ಮಳೆ, ಮಂಜು. ಪೆಟ್ರೋಲ್ ಸುಟ್ಟಾಗ ಹುಟ್ಟುವ ನೀರಿನ ಆವಿ ಹೊರಗೆ ಹೋಗದೆ ಹೆಡ್ ಕವರ್‌ನ ತಣ್ಣನೆ ಭಾಗದಲ್ಲಿ ಕೂತು ಆಯಿಲ್ ಜೊತೆ ಕಲೆಯುತ್ತದೆ. ಮುಚ್ಚಳದಲ್ಲಿ ಮಾತ್ರ ಜಿಡ್ಡು ಇದ್ದು ಡಿಪ್‌ಸ್ಟಿಕ್ ಆಯಿಲ್ ಸ್ವಚ್ಛವಾಗಿದ್ದರೆ, ರೇಡಿಯೇಟರ್ ನೀರು ಇಳಿಯದೇ ಇದ್ದರೆ ಇದು ಬರೀ ತೇವ. ಡಿಪ್‌ಸ್ಟಿಕ್ ಕೂಡ ಹಾಲು ಬಣ್ಣಕ್ಕೆ ತಿರುಗಿದ್ದರೆ, ಕೂಲೆಂಟ್ ಕಮ್ಮಿಯಾಗುತ್ತಿದ್ದರೆ, ಇಂಜಿನ್ ಬಿಸಿಯಾದ ಮೇಲೂ ಸೈಲೆನ್ಸರ್‌ನಲ್ಲಿ ಬಿಳಿ ಹೊಗೆ ನಿಲ್ಲದಿದ್ದರೆ ಆಗ ಗ್ಯಾಸ್ಕೆಟ್ ಚಿಂತೆ ಮಾಡಿ. ತುಂಬಿದ ಹೊಳೆ ನೀರಲ್ಲಿ ಗಾಡಿ ದಾಟಿಸಿದ್ದರೂ ಡಿಪ್‌ಸ್ಟಿಕ್ ನೋಡದೆ ಮತ್ತೆ ಸ್ಟಾರ್ಟ್ ಮಾಡಬೇಡಿ.

ಬರೀ ತೇವ ಅಂದೆ, ಆದರೆ ಅದನ್ನು ಹಾಗೇ ಬಿಟ್ಟರೆ ಕೆಸರಾಗುತ್ತದೆ. ರಾಕರ್ ಶಾಫ್ಟ್‌ಗೆ ಆಯಿಲ್ ಹೋಗುವ ತೂತುಗಳು ಬಹಳ ಸಣ್ಣವು. ಕೆಸರು ಅಲ್ಲಿ ಕೂತರೆ ರಾಕರ್ ಒಣಗುತ್ತದೆ, ಸವೆಯುತ್ತದೆ. ಅದಕ್ಕೇ ತೋಟದೊಳಗೆ ಓಡುವ ಗಾಡಿಗೆ ಕಿಲೋಮೀಟರ್ ಲೆಕ್ಕದಲ್ಲಿ ಆಯಿಲ್ ಬದಲಿಸುವುದು ಸರಿಯಲ್ಲ, ತಿಂಗಳ ಲೆಕ್ಕ ಹಿಡಿಯಬೇಕು. ವರ್ಷಕ್ಕೆ ಮೂರು ಸಾವಿರ ಕಿಲೋಮೀಟರ್ ಓಡಿದರೂ ಮಳೆಗಾಲ ಮುಗಿದ ಕೂಡಲೇ ಒಮ್ಮೆ ಬದಲಿಸಿ. ವಾರಕ್ಕೊಮ್ಮೆ ಕುಶಾಲನಗರದ ತನಕವೋ ಗೋಣಿಕೊಪ್ಪದ ತನಕವೋ ನಿಲ್ಲಿಸದೆ ಓಡಿಸಿಕೊಂಡು ಬಂದರೆ ಆವಿ ತಾನಾಗಿಯೇ ಹೋಗುತ್ತದೆ.

ಆಯಿಲ್ ಗ್ರೇಡ್ ಬಗ್ಗೆ ಒಂದು ಮಾತು. ಸದ್ದು ಅಡಗಲಿ ಅಂತ 5ಡಬ್ಲ್ಯೂ-30 ಕೇಳುವ ಇಂಜಿನ್‌ಗೆ 20ಡಬ್ಲ್ಯೂ-50 ಸುರಿಯುವವರಿದ್ದಾರೆ. ದಪ್ಪ ಆಯಿಲ್ ಸದ್ದು ಸ್ವಲ್ಪ ಮುಚ್ಚುತ್ತದೆ ನಿಜ, ಆದರೆ ಬೆಳಗಿನ ಚಳಿಯಲ್ಲಿ ಮೇಲೆ ಹೆಡ್‌ಗೆ ಹೋಗಿ ಮುಟ್ಟಲು ತಡ ಮಾಡುತ್ತದೆ. ಕಂಪನಿ ಪುಸ್ತಕದಲ್ಲಿ ಬರೆದ ಗ್ರೇಡ್ ಹಾಕಿ, ಅಷ್ಟೇ. ಡೀಸೆಲ್ ಸುರಿದು ಇಂಜಿನ್ ತೊಳೆಯುವ ಅಭ್ಯಾಸವೂ ನನಗೆ ಇಷ್ಟವಿಲ್ಲ. ಹಳೆ ಕೆಸರು ಒಮ್ಮೆಗೇ ಎದ್ದು ಪಂಪಿನ ಜಾಲರಿಗೆ ಕಟ್ಟಿಕೊಂಡರೆ ಟಿಕ್ ಹೋಗಿ ಟಕ್ ಬರುತ್ತದೆ.

ಟಿಕ್ ಅಂದದ್ದೆಲ್ಲ ಟ್ಯಾಪೆಟ್ ಅಲ್ಲ

ಕ್ಯಾಮ್‌ಶಾಫ್ಟ್ ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುತ್ತದೆ. ರೇಸ್ ಕೊಡದೆ ಸ್ಲೋನಲ್ಲಿ ಕ್ರ್ಯಾಂಕ್ ನಿಮಿಷಕ್ಕೆ 800 ಸುತ್ತು (ಆರ್‌ಪಿಎಂ) ತಿರುಗುತ್ತಿದ್ದರೆ ಒಂದು ವಾಲ್ವ್ ನಿಮಿಷಕ್ಕೆ 400 ಸಲ, ಅಂದರೆ ಸೆಕೆಂಡಿಗೆ ಆರೇಳು ಸಲ ತಟ್ಟುತ್ತದೆ. ಫೋನಿನಲ್ಲಿ ರೆಕಾರ್ಡ್ ಮಾಡಿ ನಿಧಾನವಾಗಿ ಓಡಿಸಿದರೆ ಎಣಿಸಬಹುದು. ಸೆಕೆಂಡಿಗೆ ಹದಿಮೂರರ ಆಸುಪಾಸು ಒಂದೇ ಸಮ ಬರುತ್ತಿದ್ದರೆ ಅದು ಕ್ರ್ಯಾಂಕ್ ವೇಗದ ಸದ್ದಾಗಿರಬಹುದು, ಕೆಳಗಡೆ ಮತ್ತು ಫ್ಲೈವೀಲ್ ಕಡೆ ಹುಡುಕಿ. ಆದರೆ ಸೆಕೆಂಡಿಗೆ ಆರೇಳು ಬಂತು ಅಂದ ಮಾತ್ರಕ್ಕೆ ವಾಲ್ವೇ ಅಂತ ತೀರ್ಪು ಕೊಡಬೇಡಿ. ಒಂದು ಸಿಲಿಂಡರ್‌ನ ಎಕ್ಸಾಸ್ಟ್ ಲೀಕ್ ಆದರೂ, ಇಂಜೆಕ್ಟರ್ ತಟ್ಟಿದರೂ ಅದೇ ತಾಳ.

ಎಕ್ಸಾಸ್ಟ್ ಲೀಕ್ ಅಂತೂ ಎಲ್ಲರನ್ನೂ ಏಮಾರಿಸುತ್ತದೆ. ಹೆಡ್‌ನಿಂದ ಹೊಗೆ ಒಯ್ಯುವ ಮ್ಯಾನಿಫೋಲ್ಡ್‌ನ ಪ್ಯಾಕಿಂಗ್ ಹೋಗಿರುತ್ತದೆ ಅಥವಾ ಒಂದು ಸ್ಟಡ್ ತುಂಡಾಗಿರುತ್ತದೆ. ಕಾದ ಮ್ಯಾನಿಫೋಲ್ಡ್ ಮೇಲೆ ಮಳೆ ನೀರು ಎರಚಿ ಎರಚಿ ಎರಕದ ಕಬ್ಬಿಣ ಸೀಳುವುದೂ ಉಂಟು. ಇದರ ಗುರುತು ಏನಪ್ಪ ಅಂದರೆ, ಬೆಳಿಗ್ಗೆ ತಣ್ಣಗಿರುವಾಗ ಜೋರು, ಬಿಸಿಯಾದಂತೆ ಲೋಹ ಹಿಗ್ಗಿ ಸಂದಿ ಮುಚ್ಚಿ ಕಮ್ಮಿ. ಗೇರ್ ಹಾಕಿ ಏರು ಎಳೆಯುವಾಗ ಮತ್ತೆ ಜೋರು. ಸದ್ದಿನಲ್ಲೂ ವ್ಯತ್ಯಾಸ ಇದೆ. ಕಬ್ಬಿಣಕ್ಕೆ ಕಬ್ಬಿಣ ತಟ್ಟಿದ ಟಿಕ್ ಅಲ್ಲ ಅದು, ಹಿಂದೆ ಸ್ವಲ್ಪ ಗಾಳಿ ಇರುವ ಚಪ್ ಚಪ್. ಪತ್ತೆ ಮಾಡುವುದು ಸುಲಭ. ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಿ, ಇನ್ನೊಬ್ಬರು ಒದ್ದೆ ಬಟ್ಟೆಯಲ್ಲಿ ಸೈಲೆನ್ಸರ್ ಬಾಯನ್ನು ಒಂದೆರಡು ಸೆಕೆಂಡ್ ಅರ್ಧ ಮುಚ್ಚಲಿ. ಸದ್ದು ಜೋರಾದರೆ ಲೀಕ್ ಖಂಡಿತ. ಸೋಪಿನ ನೀರು ಸಿಂಪಡಿಸಿದರೆ ಗುಳ್ಳೆ ಕಾಣುತ್ತದೆ. ಹೆಡ್ ಮತ್ತು ಮ್ಯಾನಿಫೋಲ್ಡ್ ಸೇರುವ ಕಡೆ ಕಪ್ಪು ಮಸಿ ಗೆರೆ ಇದ್ದರೆ ಇನ್ನೇನೂ ಬೇಡ.

ಸ್ಪಾರ್ಕ್ ಪ್ಲಗ್ ಸಡಿಲ ಇದ್ದರೂ ಇಂಥದ್ದೇ ಸದ್ದು. ಪ್ಲಗ್ ಬುಡದಲ್ಲಿ ಮಸಿ ಕಟ್ಟಿರುತ್ತದೆ.

ಮಳೆಗಾಲದ್ದೇ ಒಂದು ವಿಶೇಷ ಇದೆ. ಹಳೆ ಪೆಟ್ರೋಲ್ ಗಾಡಿಗಳ ಪ್ಲಗ್ ವೈರ್ ಮೇಲಿನ ರಬ್ಬರ್ ಬಿರಿದಿದ್ದರೆ ತೇವದಲ್ಲಿ ಕರೆಂಟ್ ಹೆಡ್‌ಗೆ ಹಾರುತ್ತದೆ, ಸಣ್ಣಗೆ ಟಿಕ್ ಟಿಕ್ ಕೇಳಿಸುತ್ತದೆ, ಜೊತೆಗೆ ಮಿಸ್ಸಿಂಗ್. ರಾತ್ರಿ ಲೈಟ್ ಆರಿಸಿ, ಬಾನೆಟ್ ಎತ್ತಿ, ವೈರ್ ಮೇಲೆ ನೀರು ಚಿಮುಕಿಸಿ ನೋಡಿ. ನೀಲಿ ಕಿಡಿ ಹಾರುವುದು ಕಣ್ಣಿಗೇ ಕಾಣುತ್ತದೆ. ಕೈ ಮಾತ್ರ ದೂರ ಇಡಿ, ಅದು ಸಾವಿರಾರು ವೋಲ್ಟ್. ಇಲಿ ಕಡಿದ ವೈರಿನಲ್ಲೂ ಇದೇ ಆಟ.

ಇಂಜೆಕ್ಟರ್‌ನ ಸಣ್ಣ ಚಿಟಿ ಚಿಟಿ ಸದ್ದು ಸಹಜ, ಎಲ್ಲಾ ಇಂಜೆಕ್ಟರ್ ಒಂದೇ ಥರ ಸದ್ದು ಮಾಡುತ್ತಿದ್ದರೆ ಬಿಟ್ಟುಬಿಡಿ. ಪೆಟ್ರೋಲ್ ಆವಿ ಎಳೆಯುವ ಪರ್ಜ್ ವಾಲ್ವ್ ಅಂತ ಒಂದು ಇರುತ್ತದೆ, ಇಂಜಿನ್ ಬಿಸಿಯಾದ ಮೇಲೆ ಅದೂ ಟಿಕ್ ಅನ್ನುತ್ತದೆ. ಅದರ ಮೇಲೆ ಬೆರಳಿಟ್ಟರೆ ಬಡಿತ ಕೈಗೇ ಗೊತ್ತಾಗುತ್ತದೆ.

ಕಿವಿ ಕೊಟ್ಟು ಕೇಳುವುದು

ಉದ್ದ ಸ್ಕ್ರೂ ಡ್ರೈವರ್ ಸಾಕು. ತುದಿಯನ್ನು ಹೆಡ್ ಕವರ್ ಬೋಲ್ಟ್ ಮೇಲೆ ಊರಿ, ಹಿಡಿಯನ್ನು ಕಿವಿಯ ಮುಂದಿನ ಮೂಳೆಗೆ ಒತ್ತಿ. ಒಂದೊಂದೇ ಸಿಲಿಂಡರ್ ಮೇಲೆ ಸರಿಸುತ್ತಾ ಹೋಗಿ. ಎಲ್ಲಿ ಚುರುಕಾಗಿ ಕೇಳುತ್ತದೋ ಅಲ್ಲಿಯ ರಾಕರ್ ಮೇಲೆ ಅನುಮಾನ ಇಡಿ. ಆಮೇಲೆ ಬ್ಲಾಕ್‌ಗೆ, ಸಂಪ್‌ಗೆ, ಆಲ್ಟರ್ನೇಟರ್‌ಗೆ, ವಾಟರ್ ಪಂಪ್‌ಗೆ ಇಟ್ಟು ಕೇಳಿ. ಮೇಲೆ ಜೋರು, ಕೆಳಗೆ ಮಂದ ಅಂದರೆ ಹೆಡ್‌ನದ್ದೇ. ಇದನ್ನು ಮಾಡುವ ಮುಂಚೆ ಚಳಿಗೆ ಸುತ್ತಿದ ಮಫ್ಲರ್ ತೆಗೆದಿಡಿ, ಶಾಲು ತೆಗೆದಿಡಿ. ಫ್ಯಾನ್ ಬೆಲ್ಟಿಗೆ ಅದು ಸಿಕ್ಕಿದರೆ ಟ್ಯಾಪೆಟ್ ನೋಡಲು ನೀವೇ ಇರುವುದಿಲ್ಲ. ಎಲೆಕ್ಟ್ರಿಕ್ ಫ್ಯಾನ್ ಹೇಳದೆ ಕೇಳದೆ ತಿರುಗಲು ಶುರುವಾಗುತ್ತದೆ ಅನ್ನುವುದೂ ನೆನಪಿರಲಿ.

ಇನ್ನೊಂದು ಪರೀಕ್ಷೆ, ಒಂದೊಂದೇ ಸಿಲಿಂಡರ್ ಕಟ್ ಮಾಡುವುದು. ಇಂಜೆಕ್ಷನ್ ಇರುವ ಪೆಟ್ರೋಲ್ ಗಾಡಿಯಲ್ಲಿ ಇಂಜೆಕ್ಟರ್ ಕನೆಕ್ಟರ್ ಬಿಚ್ಚಿ, ಸ್ವಲ್ಪ ಹೊತ್ತು ಕೇಳಿ, ಮತ್ತೆ ಹಾಕಿ. ಸಿಲಿಂಡರ್ ಕಟ್ ಆದರೂ ಟಿಕ್ ಹಾಗೇ ಇದ್ದರೆ ವಾಲ್ವ್ ಕಡೆಯದು, ಯಾಕೆಂದರೆ ಸ್ಫೋಟ ಇಲ್ಲದಿದ್ದರೂ ವಾಲ್ವ್ ತೆರೆಯುತ್ತಾ ಮುಚ್ಚುತ್ತಾ ಇರುತ್ತದೆ. ಸದ್ದು ಹೋದರೆ ಅಥವಾ ಬದಲಾದರೆ ಪಿಸ್ಟನ್, ಕನೆಕ್ಟಿಂಗ್ ರಾಡ್ ಬೇರಿಂಗ್ ಅಥವಾ ಎಕ್ಸಾಸ್ಟ್ ಲೀಕ್ ಕಡೆ ಹೋಗಿ. ಹಳೆ ಜೀಪುಗಳಲ್ಲಿ ಇಂಜೆಕ್ಟರ್ ಪೈಪಿನ ನಟ್ ಸಡಿಲಿಸಿ ಇದೇ ಪರೀಕ್ಷೆ ಮಾಡುತ್ತಾರೆ. ಎಲ್ಲ ಇಂಜೆಕ್ಟರ್‌ಗೂ ಒಂದೇ ಒತ್ತಡದ ಪೈಪ್ ಇರುವ ಈಚಿನ ಕಾಮನ್ ರೈಲ್ ಡೀಸೆಲ್‌ನಲ್ಲಿ ಅಪ್ಪಿತಪ್ಪಿಯೂ ಆ ಕೆಲಸ ಮಾಡಬೇಡಿ. ಸ್ಲೋನಲ್ಲೇ ನೂರಾರು ಬಾರ್ ಒತ್ತಡ ಇರುತ್ತದೆ, ರೇಸ್ ಕೊಟ್ಟರೆ ಸಾವಿರ ದಾಟುತ್ತದೆ. ಆ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ.

ಸದ್ದು ಟಿಕ್ ಬದಲು ಆಳದಿಂದ ಬರುವ ಟಕ್ ಟಕ್ ಆಗಿದ್ದು, ರೇಸ್ ಕೊಟ್ಟಾಗ ಜೋರಾಗಿ, ಆಯಿಲ್ ಲೈಟ್ ಬೇರೆ ಮಿಣುಕುತ್ತಿದ್ದರೆ ಗಾಡಿ ಅಲ್ಲೇ ನಿಲ್ಲಿಸಿ. ಸಂಪಾಜೆ ಘಾಟಿ ಮಧ್ಯದಲ್ಲಿ ಇದ್ದರೂ ಸರಿ, ಟೋಯಿಂಗ್ ಗಾಡಿಗೆ ಫೋನ್ ಮಾಡಿ. ಲೈಟ್ ಬರದಿದ್ದರೆ ಒತ್ತಡ ಚೆನ್ನಾಗಿದೆ ಅಂತಲೂ ತಿಳಿಯಬೇಡಿ. ಆ ಸ್ವಿಚ್ ಒತ್ತಡ ತೀರಾ ಬಿದ್ದ ಮೇಲೆ, ಅರ್ಧ ಬಾರ್‌ನ ಆಸುಪಾಸಿಗೆ ಬಂದಾಗ ಮಾತ್ರ ಲೈಟ್ ಹಚ್ಚುತ್ತದೆ. ಅನುಮಾನ ಇದ್ದರೆ ಸ್ವಿಚ್ ಬಿಚ್ಚಿ ಆ ತೂತಿಗೆ ಗೇಜ್ ಹಾಕಿಸಿ, ಇಂಜಿನ್ ಪೂರ್ತಿ ಬಿಸಿಯಾದ ಮೇಲೆ ನೋಡಿ. ಸಾವಿರ ಆರ್‌ಪಿಎಂಗೆ 10 ಪಿಎಸ್‌ಐ ಅನ್ನುವುದು ಮೆಕ್ಯಾನಿಕ್‌ಗಳ ಹಳೆ ಅಂದಾಜು.

ಸ್ಕ್ರೂ ಇರುವ ಇಂಜಿನ್‌ನಲ್ಲಿ ಸೆಟ್ಟಿಂಗ್

ಇಷ್ಟೆಲ್ಲ ಆದ ಮೇಲೆ ವಾಲ್ವ್ ಕಡೆಯದೇ ಅಂತ ಗೊತ್ತಾಯಿತು ಅನ್ನಿ. ಗಾಡಿ ರಾತ್ರಿಯಿಡೀ ನಿಂತಿರಲಿ, ಬೆಳಿಗ್ಗೆ ಸ್ಟಾರ್ಟ್ ಮಾಡದೆ ಕವರ್ ಬಿಚ್ಚಿ. ಪುಸ್ತಕದಲ್ಲಿ ತಣ್ಣಗಿನ ಗ್ಯಾಪ್, ಬಿಸಿ ಗ್ಯಾಪ್ ಅಂತ ಎರಡು ಲೆಕ್ಕ ಇರಬಹುದು, ಒಂದನ್ನು ಇನ್ನೊಂದಕ್ಕೆ ಬೆರೆಸಬೇಡಿ. ಅರ್ಧ ಬಿಸಿ ಇರುವ ಇಂಜಿನ್‌ಗೆ ಯಾವ ಲೆಕ್ಕವೂ ಇಲ್ಲ.

ನಾಲ್ಕು ಸಿಲಿಂಡರ್, ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳು ಉರಿಯುವ ಸರದಿ) 1-3-4-2 ಇದ್ದರೆ ಎರಡೇ ನಿಲುಗಡೆಯಲ್ಲಿ ಎಲ್ಲ ಮುಗಿಯುತ್ತದೆ. ಒಂದನೇ ಸಿಲಿಂಡರನ್ನು ಕಂಪ್ರೆಷನ್ ಮೇಲ್ತುದಿಗೆ, ಅಂದರೆ ಎರಡೂ ವಾಲ್ವ್ ಮುಚ್ಚಿ ಪಿಸ್ಟನ್ ಪೂರ್ತಿ ಮೇಲೆ ಬಂದ ಜಾಗಕ್ಕೆ, ತನ್ನಿ. ಅದು ಕಂಪ್ರೆಷನ್ನೇ ಅಂತ ಹೇಗೆ ಗೊತ್ತಾಗಬೇಕು ಅಂದರೆ, ನಾಲ್ಕನೇ ಸಿಲಿಂಡರ್‌ನ ರಾಕರ್ ನೋಡಿ, ಒಂದು ಮುಚ್ಚುತ್ತಾ ಇನ್ನೊಂದು ತೆರೆಯುತ್ತಾ ಎರಡೂ ಅಲ್ಲಾಡುತ್ತಿರುತ್ತವೆ. ಆಗ ಒಂದನೆಯದರ ಎರಡೂ ವಾಲ್ವ್, ಎರಡನೆಯದರ ಇನ್‌ಟೇಕ್, ಮೂರನೆಯದರ ಎಕ್ಸಾಸ್ಟ್ ನೋಡಬಹುದು. ಕ್ರ್ಯಾಂಕ್ ಒಂದು ಪೂರ್ತಿ ಸುತ್ತು ತಿರುಗಿಸಿ, ನಾಲ್ಕನೆಯದರ ಎರಡೂ, ಮೂರನೆಯದರ ಇನ್‌ಟೇಕ್, ಎರಡನೆಯದರ ಎಕ್ಸಾಸ್ಟ್. ಮಾರುತಿ 800, ಓಮ್ನಿ ಥರ ಮೂರು ಸಿಲಿಂಡರ್ ಇದ್ದರೆ ಈ ತಂತ್ರ ಬಿಡಿ, ಒಂದೊಂದನ್ನೇ ಮೇಲ್ತುದಿಗೆ ತಂದು ನೋಡಿ.

ಮೊದಲು ಸುಮ್ನೆ ಅಳೆದು ಕಾಗದದಲ್ಲಿ ಬರೆದುಕೊಳ್ಳಿ. ಸ್ಕ್ರೂ ಮುಟ್ಟುವುದು ಆಮೇಲೆ. ಎಲ್ಲ 0.17 ಇದ್ದು ಒಂದೇ ಒಂದು 0.35 ಇದ್ದರೆ ಅದೇ ಕಳ್ಳ. ಎಲ್ಲವೂ ಲೆಕ್ಕದಲ್ಲೇ ಇದ್ದರೆ ಸೆಟ್ಟಿಂಗ್ ಮಾಡಬೇಡಿ, ಕಾರಣ ಬೇರೆ ಇದೆ. ಗ್ಯಾಪ್ ಅಳೆಯುವ ತೆಳು ಪಟ್ಟಿಯನ್ನು, ಅಂದರೆ ಫೀಲರ್ ಗೇಜನ್ನು, ಎಳೆದಾಗ ಅದು ಸ್ವಲ್ಪ ಹಿಡಿದು ಬರಬೇಕು, ಜಾರಿಯೂ ಬರಬಾರದು, ಸಿಕ್ಕಿಕೊಂಡೂ ನಿಲ್ಲಬಾರದು. ಲಾಕ್ ನಟ್ ಬಿಗಿ ಮಾಡುವಾಗ ಸ್ಕ್ರೂ ಒಂದು ಚೂರು ತಿರುಗೇ ತಿರುಗುತ್ತದೆ, ಹಾಗಾಗಿ ಬಿಗಿ ಮಾಡಿದ ಮೇಲೆ ಮತ್ತೆ ಅಳೆಯಿರಿ. ಅವಸರದ ಗ್ಯಾರೇಜುಗಳಲ್ಲಿ ತಪ್ಪುವುದು ಈ ಒಂದು ಹೆಜ್ಜೆ.

ಅಳತೆ ಸರಿ ಇದೆ, ಸದ್ದು ಮಾತ್ರ ಹೋಗಿಲ್ಲ ಅನ್ನುವ ಗಾಡಿಗಳು ಸಿಗುತ್ತವೆ. ಸುಂಟಿಕೊಪ್ಪದ ಹತ್ತಿರ ಪಕ್ಕದ ತೋಟದವರ ಹಳೆ ಪೆಟ್ರೋಲ್ ವ್ಯಾನ್ ಹಾಗಿತ್ತು. ಹೊಲಿಗೆ ಮಿಷನ್ ಥರ ಸದ್ದು. ಸೆಟ್ಟಿಂಗ್ ಆಗಿದೆ, ಫೀಲರ್ 0.15 ಹಿಡಿದು ಬರುತ್ತಿದೆ. ರಾಕರ್ ಎತ್ತಿ ವಾಲ್ವ್ ತುದಿಗೆ ಟಾರ್ಚ್ ಬಿಟ್ಟಾಗ ನಡುವೆ ಒಂದು ಸಣ್ಣ ಗುಳಿ ಕಂಡಿತು, ನಯವಾಗಿ ಹೊಳೆಯುತ್ತಿತ್ತು, ಉಗುರು ಆಡಿಸಿದರೆ ಅಂಚಿಗೆ ತಾಗಿ ನಿಲ್ಲುತ್ತಿತ್ತು. ಸ್ಕ್ರೂ ತುದಿ ಅದೇ ಗುಳಿಯೊಳಗೆ ಕೂರುವಷ್ಟು ಸವೆದಿತ್ತು. ಫೀಲರ್ ಪಟ್ಟಿ ಚಪ್ಪಟೆ, ಅದು ಗುಳಿಯ ಎರಡು ಅಂಚಿನ ಮೇಲೆ ಕೂತು ಅಷ್ಟನ್ನೇ ಅಳೆಯುತ್ತದೆ. ನಿಜವಾದ ಗ್ಯಾಪ್ ಅಂದರೆ ಪಟ್ಟಿಯ ದಪ್ಪ ಮತ್ತು ಗುಳಿಯ ಆಳ ಎರಡೂ ಸೇರಿದ್ದು. ಇಂಥಲ್ಲಿ ಸ್ಕ್ರೂ ಹೊಸದು ಹಾಕಬೇಕು, ವಾಲ್ವ್ ತುದಿ ಗ್ರೈಂಡ್ ಮಾಡಿಸಬೇಕು ಅಥವಾ ವಾಲ್ವೇ ಬದಲಿಸಬೇಕು. ಅಲ್ಲಿ ತನಕ ಓಡಿಸಲೇಬೇಕು ಅಂದರೆ ಒಂದು ಉಪಾಯ ಇದೆ. ಸ್ಕ್ರೂ ವಾಲ್ವ್ ಮೇಲೆ ನೇರವಾಗಿ ಕೂರುವ ಇಂಜಿನ್ ಆಗಿದ್ದರೆ, ಗ್ಯಾಪ್ ಸೊನ್ನೆಯಾಗುವ ತನಕ ಬೆರಳಲ್ಲಿ ತಿರುಗಿಸಿ, ಆಮೇಲೆ ಪಿಚ್ (ಒಂದು ಸುತ್ತಿಗೆ ಸ್ಕ್ರೂ ಸರಿಯುವ ದೂರ) ಲೆಕ್ಕದಲ್ಲಿ ಹಿಂದಕ್ಕೆ ತಿರುಗಿಸಿ. ಪಿಚ್ 0.75 ಮಿ.ಮೀ. ಇದ್ದರೆ ಐದನೇ ಒಂದು ಸುತ್ತಿಗೆ 0.15 ಮಿ.ಮೀ. ಸಿಗುತ್ತದೆ. ಪಿಚ್ ಎಷ್ಟು ಅಂತ ಸ್ಕ್ರೂ ಬಿಚ್ಚಿ ಅಳೆದೇ ಈ ಲೆಕ್ಕ ಹಾಕಿ, ಅಂದಾಜಿನಲ್ಲಿ ಬೇಡ.

ಕವರ್ ಬಿಚ್ಚಿದ್ದೀರಲ್ಲ, ಹಾಗೇ ರಾಕರನ್ನು ಅಡ್ಡಡ್ಡ ಅಲ್ಲಾಡಿಸಿ ನೋಡಿ. ಶಾಫ್ಟ್ ಮೇಲೆ ಲೊಡ ಲೊಡ ಅಂದರೆ ಶಾಫ್ಟ್ ಸವೆದಿದೆ. ಸೆಟ್ಟಿಂಗ್ ಮಾಡಿದ ಕೆಲವೇ ದಿನಕ್ಕೆ ಅದೇ ವಾಲ್ವ್ ಮತ್ತೆ ಸಡಿಲವಾದರೆ ಕ್ಯಾಮ್‌ನ ಉಬ್ಬು ಸವೆಯುತ್ತಿರಬಹುದು, ಮೈಕ್ರೋಮೀಟರ್‌ನಲ್ಲಿ ಬೇರೆ ಉಬ್ಬುಗಳ ಜೊತೆ ಹೋಲಿಸಿ. ಹಳೆ ಜೀಪಿನಲ್ಲಿ ಪುಷ್‌ರಾಡ್ ತೆಗೆದು ಕನ್ನಡಿ ಗಾಜಿನ ಮೇಲೆ ಉರುಳಿಸಿ, ಬಾಗಿದ್ದರೆ ಕುಣಿಯುತ್ತದೆ.

ಹೈಡ್ರಾಲಿಕ್ ಮತ್ತು ಬಕೆಟ್

ಹೈಡ್ರಾಲಿಕ್ ಟ್ಯಾಪೆಟ್ ಒಳಗೆ ಒಂದು ಪ್ಲಂಜರ್, ಒಂದು ಸ್ಪ್ರಿಂಗ್, ಆಯಿಲ್ ವಾಪಸ್ ಹೋಗದಂತೆ ತಡೆಯುವ ಒಂದು ಸಣ್ಣ ಗುಂಡು. ಗಾಡಿ ನಾಲ್ಕು ದಿನ ನಿಂತರೆ ಆಯಿಲ್ ಸ್ವಲ್ಪ ಸೋರಿ ಇಳಿಯುತ್ತದೆ, ಸ್ಟಾರ್ಟ್ ಮಾಡಿದ ಒಂದೆರಡು ಸೆಕೆಂಡ್ ಟಿಕ್ ಅಂದು ನಿಲ್ಲುತ್ತದೆ. ಅದು ರೋಗ ಅಲ್ಲ. ದಿನಾ ಬೆಳಿಗ್ಗೆ ಜಾಸ್ತಿ ಹೊತ್ತು ಬರುತ್ತಿದ್ದರೆ ಆಯಿಲ್ ಫಿಲ್ಟರ್ ನೋಡಿ. ಫಿಲ್ಟರ್ ಒಳಗೆ ಆಯಿಲ್ ವಾಪಸ್ ಇಳಿಯದಂತೆ ತಡೆಯುವ ರಬ್ಬರ್ ವಾಲ್ವ್ ಇರುತ್ತದೆ, ಅಗ್ಗದ ಫಿಲ್ಟರ್‌ಗಳಲ್ಲಿ ಅದು ಗಟ್ಟಿಯಾಗಿ ಕೆಲಸ ಬಿಡುತ್ತದೆ. ಒಳ್ಳೆ ಫಿಲ್ಟರ್, ಸರಿಯಾದ ಗ್ರೇಡಿನ ಹೊಸ ಆಯಿಲ್ ಹಾಕಿ ಕೆಲವು ನೂರು ಕಿಲೋಮೀಟರ್ ಓಡಿಸಿ. ಸಿಕ್ಕಿಕೊಂಡ ಟ್ಯಾಪೆಟ್ ಎಷ್ಟೋ ಸಲ ಅಷ್ಟಕ್ಕೇ ಬಿಡುತ್ತದೆ. ಬಿಡದಿದ್ದರೆ ತೆಗೆಯಬೇಕು. ಕೈಯಲ್ಲಿ ಒತ್ತಿದರೆ ಗಟ್ಟಿಯಾಗಿ ನಿಲ್ಲಬೇಕು, ಮೆತ್ತಗೆ ಒಳಗೆ ಹೋದರೆ ಒಳಗೆ ಗಾಳಿ ಇದೆ ಅಥವಾ ಗುಂಡು ಕೂರುತ್ತಿಲ್ಲ. ಸ್ವಚ್ಛ ಆಯಿಲ್‌ನಲ್ಲಿ ಮುಳುಗಿಸಿ ಗಾಳಿ ತೆಗೆದು ಮತ್ತೆ ಒತ್ತಿ ನೋಡಿ, ಆಗಲೂ ಮೆತ್ತಗಿದ್ದರೆ ಬದಲಿಸಿ. ಸ್ಟಾರ್ಟ್ ಆದ ಕೂಡಲೇ ಮುಂದಿನ ಭಾಗದಿಂದ ಟಿಕ್ ಬದಲು ಗರಗರ ಸರಪಳಿ ಸದ್ದು ಬಂದರೆ ಅದು ಟೈಮಿಂಗ್ ಚೈನ್ ಟೆನ್ಷನರ್, ಅದನ್ನು ಮುಂದೂಡಬೇಡಿ.

ಬಕೆಟ್ ಮತ್ತು ಶಿಮ್ ಇಂಜಿನ್‌ನಲ್ಲಿ ಲೆಕ್ಕ ಸರಳ. ಹಳೆ ಶಿಮ್ ದಪ್ಪಕ್ಕೆ, ಅಳೆದ ಗ್ಯಾಪ್ ಮತ್ತು ಬೇಕಾದ ಗ್ಯಾಪ್ ನಡುವಿನ ವ್ಯತ್ಯಾಸ ಕೂಡಿಸಿ. ಶಿಮ್ 2.40, ಅಳೆದದ್ದು 0.32, ಬೇಕಾದ್ದು 0.20 ಅಂದರೆ ಹೊಸದು 2.52 ಮಿ.ಮೀ. ಕಷ್ಟ ಇರುವುದು ಆ ಅಳತೆಯ ಶಿಮ್ ಸಿಗುವುದರಲ್ಲಿ. ಮಡಿಕೇರಿಯಲ್ಲಿ ಸಿಗದಿದ್ದರೆ ಮೈಸೂರಿಂದ ತರಿಸಬೇಕಾಗುತ್ತದೆ, ಅದಕ್ಕೇ ಎಲ್ಲಾ ವಾಲ್ವ್ ಅಳೆದು ಮುಗಿಸಿ ಒಟ್ಟಿಗೆ ಪಟ್ಟಿ ಕೊಡಿ. ಕ್ಯಾಮ್ ಬಿಚ್ಚಿ ಹಾಕಬೇಕಾದ ಇಂಜಿನ್ ಆಗಿದ್ದರೆ ಟೈಮಿಂಗ್ ಗುರುತು ತಪ್ಪಿದರೆ ವಾಲ್ವ್ ಪಿಸ್ಟನ್‌ಗೆ ಬಡಿಯಬಹುದು. ಗೊತ್ತಿರುವವರ ಕೈಗೇ ಕೊಡಿ.

ಕವರ್ ವಾಪಸ್ ಹಾಕುವಾಗ ಹಳೆ ಪ್ಯಾಕಿಂಗ್‌ಗೆ ಸಿಲಿಕಾನ್ ಮೆತ್ತಿ ಕೂರಿಸುವುದು ಬೇಡ, ಹೊಸದು ಹಾಕಿ. ಒಳಗೆ ಉಕ್ಕಿದ ಸಿಲಿಕಾನ್ ಚೂರು ಉದುರಿ ಆಯಿಲ್ ಪಂಪಿನ ಜಾಲರಿಗೆ ಹೋಗಿ ಕೂರುತ್ತದೆ. ಬೋಲ್ಟ್‌ಗಳನ್ನು ಅಡ್ಡಡ್ಡವಾಗಿ ಸ್ವಲ್ಪ ಸ್ವಲ್ಪವೇ ಬಿಗಿಮಾಡಿ, ಜೋರು ತೋರಿಸಿದರೆ ಕವರ್ ಬಾಗಿ ಆಯಿಲ್ ಜಿನುಗುತ್ತದೆ, ಅದು ಬೀಳುವುದು ಎಕ್ಸಾಸ್ಟ್ ಮೇಲೆ. ಸ್ಟಾರ್ಟ್ ಮಾಡಿ ತಣ್ಣಗಿರುವಾಗ ಒಮ್ಮೆ, ಫ್ಯಾನ್ ತಿರುಗಿ ನಿಂತ ಮೇಲೆ ಇನ್ನೊಮ್ಮೆ ಕೇಳಿ. ತಣ್ಣಗಿದ್ದಾಗ ಮೆಲ್ಲಗೆ ಒಂದೇ ಸಮ ಚಿಟಿ ಚಿಟಿ ಇದ್ದರೆ ಇರಲಿ. ಒಂದು ಏರು ಹತ್ತಿ ಇಳಿದು ಬಂದು, ಬಾನೆಟ್ ಎತ್ತಿ ಕವರ್ ಸುತ್ತ ಬೆರಳಾಡಿಸಿ, ಒಣಗಿದೆಯಾ ನೋಡಿ. ಸುಟ್ಟ ಆಯಿಲ್ ವಾಸನೆ ಬರುತ್ತಿದ್ದರೆ ಹಿಂಬದಿಯ ಮೂಲೆಗೆ ಟಾರ್ಚ್ ಬಿಡಿ, ಮೊದಲು ಜಿನುಗುವುದು ಸಾಮಾನ್ಯವಾಗಿ ಅಲ್ಲೇ.